ಹಿಂದಿನ ಗೇಟಿನಿಂದ ಒಳಹೋಗುವ ಮುನ್ನ...

ಮೊನ್ನೆ ಪೀಣ್ಯದ ಕಡೆಯ ಒಬ್ಬ ಹುಡುಗ ಮುಷ್ಕರದ ಕರಪತ್ರ ಅಚ್ಚು ಹಾಕಿಸಲು ನನ್ನ ಪ್ರೆಸ್ಸಿಗೆ ಬಂದಿದ್ದ. ಸಾವಿರ ಪ್ರತಿ. ಪ್ರೂಫ್ ತಿದ್ದಿ ಕೊಟ್ಟವನು ಹೋಗದೆ ನಿಂತ. "ಅಣ್ಣಾ, ಕರಪತ್ರ ಬರೆದವನೇ ನಾನು. ಆದರೆ ಮುಷ್ಕರಕ್ಕೆ ಹೋಗಲೋ ಬೇಡವೋ ತಿಳೀತಿಲ್ಲ. ಬೈಕಿನ ಕಂತಿದೆ. ಊರಲ್ಲಿ ಅಪ್ಪನ ಸಕ್ಕರೆ ಕಾಯಿಲೆ ಮಾತ್ರೆಗೆ ದುಡ್ಡು ಕಳಿಸಬೇಕು" ಎಂದ.

ಅವನನ್ನು ಹೇಡಿ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಏಕೆಂದರೆ ಅದೇ ಜಾಗದಲ್ಲಿ ನಾನೂ ನಿಂತಿದ್ದೆ.

2003ನೇ ಇಸವಿ. ಚಾಮರಾಜಪೇಟೆಯ ಒಂದು ಪ್ರೆಸ್. ಪಿಯುಸಿ ಮುಗಿಸಿ ಬಂದಿದ್ದ ನನಗೆ ಆಫ್‌ಸೆಟ್ ಮೆಷಿನ್ನಿನ ಕೆಲಸ. ತಿಂಗಳಿಗೆ 2,800 ರೂಪಾಯಿ. ನಾವು 23 ಜನ. ಸಂಬಳದಲ್ಲಿ ಪಿ.ಎಫ್. ಹಿಡಿಯುತ್ತಿದ್ದರು, ಕಟ್ಟುತ್ತಿರಲಿಲ್ಲ. ಕೇಳಿದರೆ ಬೈಗುಳ. ಕೆಲಸ ನಿಲ್ಲಿಸಿದೆವು. ಆರನೆಯ ದಿನ ನನ್ನ ಮನೆಯ ಅಕ್ಕಿ ಡಬ್ಬಿಯ ತಳ ಕಂಡಿತು, ಚೀಟಿಯವನು ಬಂದು ಬಾಗಿಲು ಬಡಿದ. ಏಳನೆಯ ದಿನ ಹಿಂದಿನ ಗೇಟಿನಿಂದ ಒಳಹೋದೆ. ಯಾರಿಗೂ ಹೇಳಲಿಲ್ಲ. ಮೆಷಿನ್ ಸದ್ದು ಕೇಳಿಯೇ ಹೊರಗೆ ಕೂತವರಿಗೆ ಗೊತ್ತಾಯಿತು!

ಒಂಬತ್ತನೆಯ ದಿನ ಮುಷ್ಕರ ಮುರಿಯಿತು. ನಾಲ್ವರನ್ನು ಕಿತ್ತುಹಾಕಿದರು. ನನಗೆ 300 ರೂಪಾಯಿ ಸಂಬಳ ಹೆಚ್ಚಾಯಿತು. ಪಿ.ಎಫ್. ಹಣ? ಅವರದೂ ಬರಲಿಲ್ಲ, ನನ್ನದೂ ಬರಲಿಲ್ಲ!

ಇವತ್ತು ನಾನೇ ಮಾಲೀಕ. ನಾಲ್ಕು ಜನ ಕೆಲಸಕ್ಕಿದ್ದಾರೆ. ಆದ್ದರಿಂದ ಮಾಲೀಕರ ಒಂದು ಗುಟ್ಟು ಬಿಚ್ಚಿಡುತ್ತೇನೆ. ಕಾಗದಕ್ಕೆಷ್ಟು, ಇಂಕಿಗೆಷ್ಟು ಎಂದು ಲೆಕ್ಕ ಹಾಕುವ ನಾವು ನಿಮ್ಮ ಮನೆಯ ಅಕ್ಕಿ ಎಷ್ಟು ದಿನ ಬರುತ್ತದೆ ಎಂದೂ ಲೆಕ್ಕ ಹಾಕುತ್ತೇವೆ. ಯಾರು ಮುಂಗಡ ಪಡೆದಿದ್ದಾನೆ, ಯಾರ ತಂಗಿಯ ಮದುವೆ ಇದೆ, ಯಾರ ಮಗುವಿನ ಫೀಸು ಬಾಕಿ, ಎಲ್ಲ ಗೊತ್ತು. ನಿಮ್ಮ ಸಾಲ ನಿಮ್ಮ ಖಾಸಗಿ ಸಂಕಟ ಎಂದುಕೊಂಡಿದ್ದೀರಾ? ಅಲ್ಲ! ಅದು ಮಾಲೀಕನ ಕೈಯಲ್ಲಿರುವ ದೊಣ್ಣೆ!

ಮುಷ್ಕರಕ್ಕೆ ಹೋದರೆ ಎಷ್ಟು ಕಳೆದುಕೊಳ್ಳುತ್ತೇನೆ ಎಂದು ಎಲ್ಲರೂ ಕೇಳುತ್ತೀರಿ. ಹೋಗದಿದ್ದರೆ ಎಷ್ಟು ಕಳೆದುಕೊಳ್ಳುತ್ತೇನೆ ಎಂದು ಯಾಕೆ ಕೇಳುವುದಿಲ್ಲ? 2016ರಲ್ಲಿ ಕೇಂದ್ರ ಸರ್ಕಾರ ಪಿ.ಎಫ್.ನಲ್ಲಿನ ಮಾಲೀಕರ ಪಾಲನ್ನು 58 ವರ್ಷ ತುಂಬುವ ತನಕ ಮುಟ್ಟಕೂಡದೆಂದು ನಿಯಮ ತಂದಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗಿಳಿದರು. ಅವರಿಗೆ ಸಾಲವಿರಲಿಲ್ಲವೇ? ಬಾಡಿಗೆ ಇರಲಿಲ್ಲವೇ? ಎಲ್ಲ ಇತ್ತು. ಲಾಠಿ, ಅಶ್ರುವಾಯು ಎರಡನ್ನೂ ಉಂಡರು. 19ರಂದೇ ದಿಲ್ಲಿ ಆ ನಿಯಮವನ್ನು ವಾಪಸ್ ಪಡೆಯಿತು!

ಹಾಗೆಂದು ಎಲ್ಲ ಮುಷ್ಕರವೂ ಎರಡು ದಿನಕ್ಕೆ ಗೆಲ್ಲುವುದಿಲ್ಲ. ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಂ.ಎಲ್. ಕಾರ್ಮಿಕರು 1980ರ ಡಿಸೆಂಬರಿನಿಂದ 1981ರ ಮಾರ್ಚ್ ತನಕ 77 ದಿನ ಹೊರಗೆ ನಿಂತರು. ಬಿ.ಎಚ್.ಇ.ಎಲ್.ಗೆ ಸಮನಾದ ಸಂಬಳದ ಬೇಡಿಕೆ ಈಡೇರಲಿಲ್ಲ. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು 15 ದಿನ ಬಸ್ ನಿಲ್ಲಿಸಿದರು. ಎಷ್ಟೋ ಮಂದಿಗೆ ಅಮಾನತು, ವಜಾ, ವರ್ಗಾವಣೆ. ಇದನ್ನು ಮುಚ್ಚಿಟ್ಟು ಹುಡುಗರನ್ನು ಹುರಿದುಂಬಿಸುವ ನಾಯಕರಿಗೆ ನನ್ನ ಪ್ರಶ್ನೆ: ಮೈಕಿಗೆ ದುಡ್ಡು ಹೊಂದಿಸುತ್ತೀರಿ, ಶಾಮಿಯಾನಕ್ಕೆ ಹೊಂದಿಸುತ್ತೀರಿ, ಒಲೆ ಆರಿದ ಮನೆಗೆ ಹತ್ತು ಕೆ.ಜಿ. ಅಕ್ಕಿ ಹೊಂದಿಸಲು ನಿಮಗೇನು ದಾಡಿ? ಘೋಷಣೆಯಿಂದ ಹೊಟ್ಟೆ ತುಂಬುತ್ತದೆಯೇ?

ಕಾನೂನೂ ಈಗ ಬಿಗಿಯಾಗಿದೆ. 2025ರ ನವೆಂಬರ್ 21ರಂದು ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಯಾವ ಕಾರ್ಖಾನೆಯಲ್ಲೇ ಆಗಲಿ, 14 ದಿನ ಮೊದಲು ನೋಟಿಸ್ ಕೊಡದೆ ಮುಷ್ಕರ ಮಾಡುವಂತಿಲ್ಲ. ಅರ್ಧದಷ್ಟು ಜನ ಮಾತಾಡಿಕೊಂಡು ಒಂದೇ ದಿನ ರಜೆ ಹಾಕಿದರೂ ಅದು ಮುಷ್ಕರವೇ! ನಿಯಮ ಮೀರಿದ ಮುಷ್ಕರಕ್ಕೆ ಹಿಂದೆ 50 ರೂಪಾಯಿ ದಂಡವಿತ್ತು. ಈಗ 1,000ದಿಂದ 10,000. ಒಂದು ತಿಂಗಳ ತನಕ ಜೈಲೂ ಆಗಬಹುದು.

ಇರಲಿ. ಅವರು ನಮ್ಮನ್ನು ಕಟ್ಟಿಹಾಕಲು ತಂದ ಆ 14 ದಿನವನ್ನೇ ನಾವು ಬಳಸಿಕೊಳ್ಳೋಣ. ನೋಟಿಸ್ ಕೊಟ್ಟ ದಿನವೇ ಎಲ್ಲರೂ ಕೂತು ಮನೆಮನೆಯ ಲೆಕ್ಕ ಬರೆಯಿರಿ. ಯಾರಿಗೆ ಕಂತು, ಯಾರಿಗೆ ಔಷಧಿ, ಯಾರ ಮನೆಯಲ್ಲಿ ಬಾಣಂತಿ? ಒಂಟಿ ಹುಡುಗರು ಹೆಚ್ಚು ಹಾಕಿ, ಸಂಸಾರಸ್ಥರು ಕಡಿಮೆ ಹಾಕಿ, ಹುಂಡಿ ತುಂಬಿಸಿ. ಆಮೇಲೂ ನಿನ್ನಿಂದ ಆಗದಿದ್ದರೆ ಸಭೆಯಲ್ಲಿ ಎದ್ದು ನಿಂತು ಹೇಳು, "ನನ್ನ ಕೈಲಾಗದು" ಎಂದು. ಅದು ಅವಮಾನವಲ್ಲ. ಅವಮಾನ ಇರುವುದು ಹಿಂದಿನ ಗೇಟಿನಲ್ಲಿ! ಅಂದು ನಾನು ಬಾಯಿಬಿಟ್ಟು ಹೇಳಿದ್ದರೆ ಆ 22 ಜನರಲ್ಲಿ ಯಾರಾದರೂ ಒಬ್ಬರು ಒಂದು ಸೇರು ಅಕ್ಕಿ ಕೊಡುತ್ತಿರಲಿಲ್ಲವೇ? ನಾನು ಕೇಳಲೇ ಇಲ್ಲ.

ಹುಡುಗನಿಗೆ ಇಷ್ಟನ್ನೂ ಹೇಳಿದೆ. ಅವನು ಪ್ರೂಫ್ ವಾಪಸ್ ಇಸಿದುಕೊಂಡು ಕೊನೆಗೊಂದು ಸಾಲು ಸೇರಿಸಿದ: "ಮನೆಯಲ್ಲಿ ತೊಂದರೆ ಇರುವವರು ನಾಚದೆ ಹೇಳಿ." ಕರಪತ್ರದ ದುಡ್ಡು ಮುಷ್ಕರ ಮುಗಿದ ಮೇಲೆ ಕೊಡು ಎಂದೆ.

ನಾಳೆ ನನ್ನ ಪ್ರೆಸ್ಸಿನ ನಾಲ್ವರು ಇದನ್ನೋದಿ ನನ್ನ ಬಾಗಿಲಲ್ಲೇ ಕೂತರೆ? ಕೂರಲಿ. ನಾಲ್ವರೂ ಒಟ್ಟಿಗೆ ಕೂರಲಿ. ಹಿಂದಿನ ಗೇಟಿನಿಂದ ಬಂದವನಿಗೆ ನನ್ನಲ್ಲಿ 300 ರೂಪಾಯಿ ಇಲ್ಲ!