ಕೆರೆ ಬತ್ತುವುದಕ್ಕೆ ಮಳೆಯೊಂದೇ ಕಾರಣವೆ?

ದೊಡ್ಡಬಳ್ಳಾಪುರ, ನೆಲಮಂಗಲ ತಾಲ್ಲೂಕುಗಳ ಗ್ರಾಮಗಳಲ್ಲಿ ಕೆರೆ ಏಕೆ ತುಂಬುವುದಿಲ್ಲವೆಂದು ವಿಚಾರಿಸಿದರೆ, ಮಳೆ ಹಿಂದಿನಂತೆ ಇಲ್ಲವೆಂಬ ಉತ್ತರವೇ ಸಾಮಾನ್ಯವಾಗಿ ದೊರೆಯುತ್ತದೆ. ಇದು ಸುಲಭವಾದ ಉತ್ತರ. ಏತಕ್ಕೆಂದರೆ ಮಳೆಗೆ ಯಾರೂ ಹೊಣೆಗಾರರಲ್ಲ. ಆದರೆ ಅರ್ಕಾವತೀ ಹೊಳೆಯು ಬತ್ತಿದ ಬಗೆಯನ್ನು ಪರಿಶೀಲಿಸಿ, ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯ ವಿದ್ವಾಂಸರು 2015ರಲ್ಲಿ ಪ್ರಕಟಿಸಿದ ಲೇಖನವು ಬೇರೆ ಮಾತನ್ನು ಹೇಳುತ್ತದೆ. ಅಂತರ್ಜಲವನ್ನು ಮೇಲೆತ್ತುವುದು ಮತ್ತು ನೀಲಗಿರಿ ತೋಪುಗಳು ಹಬ್ಬಿದುದು ಮುಖ್ಯ ಕಾರಣಗಳು. ಹಳ್ಳಗಳಿಗೆ ಅಡ್ಡವಾಗಿ ಎದ್ದ ಒಡ್ಡುಗಳು ಅವುಗಳ ತರುವಾಯ. ಮಳೆಯ ಕೊರತೆಯಲ್ಲ ಎಂಬುದು ಅದರ ಸಾರ.

ನಂದಿಬೆಟ್ಟದಲ್ಲಿ ಹುಟ್ಟುವ ಈ ಹೊಳೆಗೆ 1894ರಲ್ಲಿ ಹೆಸರಘಟ್ಟದಲ್ಲಿಯೂ, ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿಯೂ ಜಲಾಶಯಗಳಾದವು. ಬೆಂಗಳೂರು ನಗರವು ಬಹುಕಾಲ ಈ ನೀರನ್ನು ನಂಬಿತ್ತು. ಮೇಲಿನ ಹಳ್ಳಿಯ ಹೊಲದಲ್ಲಿ ನಡೆದ ಬದಲಾವಣೆಯು ಕಡೆಗೆ ನಗರದ ನಲ್ಲಿಯನ್ನೂ ಮುಟ್ಟಿತು.

ಹೀಗೆ ಒಂದಕ್ಕೊಂದು ಹೆಣೆದುಕೊಂಡ ಕಾರಣಗಳನ್ನು ಒಟ್ಟಾಗಿ ನೋಡುವುದು ಈಗ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಪಶ್ಚಿಮ ದೇಶಗಳಲ್ಲಿ ಅದನ್ನು ಕಲಿಸುವವರು ಸ್ನಾನದ ತೊಟ್ಟಿಯ ಉದಾಹರಣೆಯಿಂದ ಆರಂಭಿಸುವುದುಂಟು: ಒಳಗೆ ಬರುವುದೆಷ್ಟು, ಹೊರಗೆ ಹೋಗುವುದೆಷ್ಟು, ನಿಂತಿರುವುದೆಷ್ಟು. ಈ ಸೀಮೆಯವರಿಗೆ ತೊಟ್ಟಿಯ ಅಗತ್ಯವಿಲ್ಲ. ರಾಜಕಾಲುವೆ, ತೂಬು, ಕೋಡಿ, ಕೋಡಿ ಹರಿದರೆ ತುಂಬುವ ಕೆಳಗಿನ ಕೆರೆ, ಇವೆಲ್ಲವನ್ನೂ ಹಿಂದಿನ ನೀರುಗಂಟಿಯು ಯಾವ ಪುಸ್ತಕವನ್ನೂ ಓದದೆ ಮನಸ್ಸಿನಲ್ಲಿಟ್ಟುಕೊಂಡಿದ್ದನು. ಅವನು ಕಾಣಲಾರದಿದ್ದುದು ನೆಲದ ಒಳಗಿನ ಲೆಕ್ಕ.

ಆ ಲೆಕ್ಕವೇ ಈಗ ಕೆಟ್ಟಿರುವುದು. ಒಬ್ಬನು ಕೊಳವೆಬಾವಿಯನ್ನು ಆಳಗೊಳಿಸಿದರೆ ನೆರೆಯವನ ಬಾವಿ ಸೊರಗುತ್ತದೆ. ಅವನು ಸಾಲ ಮಾಡಿ ಇನ್ನೂ ಆಳಕ್ಕೆ ಹೋಗುತ್ತಾನೆ. ಮೊದಲಿನವನು ಮತ್ತೆ ಯಂತ್ರವನ್ನು ಕರೆಸುತ್ತಾನೆ. ಇಬ್ಬರಲ್ಲಿ ಯಾರೂ ಮೂಢರಲ್ಲ, ಇಬ್ಬರೂ ಸಾಲಗಾರರು. ಅಲ್ಲದೆ, ಇಂದು ತೆಗೆದ ನೀರಿನ ನಷ್ಟವು ಇಂದೇ ಕಾಣುವುದಿಲ್ಲ. ಕೆಲವು ವರ್ಷಗಳ ಮೇಲೆ ಅದು ಕಂಡಾಗ, ಆ ವರ್ಷದ ಮಳೆಯ ಮೇಲೆ ಅಪವಾದ ಬರುತ್ತದೆ.

ಹನಿ ನೀರಾವರಿಯಿಂದ ಇದು ಸರಿಹೋಗುವುದೆಂದು ಹಲವರ ನಂಬಿಕೆ. ಒಂದು ಎಕರೆ ದ್ರಾಕ್ಷಿಗೆ ಅದರಿಂದ ನೀರು ಉಳಿಯುವುದು ನಿಜ. ಉಳಿದ ನೀರಿನಿಂದ ಎರಡನೆಯ ಎಕರೆಗೂ ಕೊಳವೆ ಎಳೆದರೆ ನೆಲಕ್ಕೆ ಏನೂ ಉಳಿಯಲಿಲ್ಲ. ಅಮೆರಿಕದ ಕ್ಯಾನ್ಸಾಸ್ ಸೀಮೆಯಲ್ಲಿ ಮಿತವ್ಯಯದ ತುಂತುರು ಯಂತ್ರಗಳು ಬಂದ ಮೇಲೂ ಅಂತರ್ಜಲದ ಬಳಕೆ ತಗ್ಗಲಿಲ್ಲವೆಂದು ಅಲ್ಲಿಯ ಅರ್ಥಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ದೇಶ ಬೇರೆಯಾದರೂ ಕಥೆ ಒಂದೇ.

ನೀಲಗಿರಿಯ ವಿಷಯವೂ ಇಂಥದೇ. ಮಕ್ಕಳು ಪಟ್ಟಣದ ಕೆಲಸಕ್ಕೆ ಹೋಗಿ, ರಾಗಿ ಕಳೆಗೆ ಆಳು ಸಿಕ್ಕದ ಮನೆಯವನು ಅದನ್ನು ನೆಟ್ಟನು. ದನ ಮೇಯದ, ಕಾವಲು ಬೇಡದ ಆ ಮರಕ್ಕೆ ಕಾಗದದ ಕಾರ್ಖಾನೆಗಳಲ್ಲಿ ಬೇಡಿಕೆಯಿತ್ತು. ಹೊಸದಾಗಿ ನೆಡುವುದನ್ನು ಸರ್ಕಾರವು 2017ರಲ್ಲಿ ನಿಷೇಧಿಸಿತು. ನಿಷೇಧವು ಯುಕ್ತವಾದುದೇ, ಆದರೆ ಆಳಿನ ಅಭಾವವನ್ನು ಅದು ನೀಗಿಸಲಿಲ್ಲ. ತೋಪನ್ನು ಕಡಿದ ನೆಲದಲ್ಲಿಯೇ ಕೊಳವೆಬಾವಿ ಕೊರೆದು ತರಕಾರಿ ಬೆಳೆದರೆ, ಕೆರೆಯ ಪಾಲಿಗೆ ಒಬ್ಬ ಸಾಲಗಾರನು ಹೋಗಿ ಇನ್ನೊಬ್ಬನು ಬಂದಂತಾಯಿತು. ಹೂಳೆತ್ತುವ ಕೆಲಸಕ್ಕೂ ಇದೇ ಮಾತು: ಕಾಲುವೆಯಲ್ಲಿ ನೀರೇ ಬಾರದಿದ್ದರೆ ಗುಂಡಿ ಆಳವಾಯಿತು, ಅಷ್ಟೆ.

ಆದುದರಿಂದ ಗ್ರಾಮದ ಯಜಮಾನರೂ ಹಿಡುವಳಿದಾರರೂ ಹಣದ ಅಂದಾಜಿಗೆ ಮುಂಚೆ ಕೆರೆಯ ಅಂದಾಜನ್ನು ಮಾಡಬೇಕು. ಗ್ರಾಮನಕ್ಷೆಯನ್ನು ಹಿಡಿದು ಮೇಲಿನ ಕೆರೆಯವರೆಗೂ, ಅಲ್ಲಿಂದ ಕೆಳಗಿನ ಕೆರೆಯವರೆಗೂ ನಡೆದು, ಎಲ್ಲಿ ಕಾಲುವೆ ಒತ್ತುವರಿಯಾಗಿದೆ, ಎಲ್ಲಿ ತೋಪಿದೆ, ಎಷ್ಟು ಕೊಳವೆಬಾವಿಗಳಿವೆ, ಅವು ಎಷ್ಟು ಅಡಿ ಆಳವೆಂಬುದನ್ನು ಬರೆದುಕೊಳ್ಳಬಹುದು. ನೆರೆಯ ಊರಿನವರೂ ಜೊತೆಗಿದ್ದರೆ ಜಗಳ ಕಡಮೆ, ತಿಳಿವಳಿಕೆ ಹೆಚ್ಚು. ತೂಬಿನ ಕಲ್ಲಿಗೆ ಅಡಿಗಳ ಗುರುತು ಹಾಕಿ, ಪ್ರತಿ ದೊಡ್ಡ ಮಳೆಯ ಮರುದಿನ ನೀರಿನ ಮಟ್ಟವನ್ನು ಶಾಲೆಯ ಹುಡುಗನೂ ಪುಸ್ತಕದಲ್ಲಿ ಬರೆಯಬಲ್ಲನು. ಮಳೆಯ ಅಳತೆ ಒಂದು ಸಾಲು, ಕೆರೆಯ ಮಟ್ಟ ಒಂದು ಸಾಲು, ಬಾವಿಗಳ ಸ್ಥಿತಿ ಒಂದು ಸಾಲು. ಮೂರು ನಾಲ್ಕು ಮುಂಗಾರುಗಳು ಕಳೆದ ಮೇಲೆ ಆ ಪುಸ್ತಕವನ್ನು ಗ್ರಾಮಸಭೆಯಲ್ಲಿ ತೆರೆದಿಟ್ಟರೆ, ಮಳೆ ಬರಲಿಲ್ಲವೆಂಬ ಮಾತು ನಿಜವೋ ಅಲ್ಲವೋ ಅಲ್ಲಿಯೇ ತೀರ್ಮಾನವಾಗುವುದು.