ಅನುದಾನವಾಯಿತು, ಇನ್ನು ಗ್ರಾಹಕ ಬೇಕು

2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯೊಂದು, ಕ್ರಿಪ್ಟೊ ಹಣದ ವಹಿವಾಟು ನಡೆಸುವ ಸಂಸ್ಥೆಗಳೊಂದಿಗೆ ಮೂರು ತಿಂಗಳೊಳಗೆ ಸಂಬಂಧ ಕಡಿದುಕೊಳ್ಳುವಂತೆ ಬ್ಯಾಂಕುಗಳಿಗೆ ತಾಕೀತು ಮಾಡಿತು. ಬೆಂಗಳೂರಿನ ಯೂನೊಕಾಯಿನ್ ಅಷ್ಟರೊಳಗೆ ದೇಶ ವಿದೇಶಗಳ ಹೂಡಿಕೆದಾರರಿಂದ ಬಂಡವಾಳ ಪಡೆದಿತ್ತು. ಆ ಬಂಡವಾಳ ಬ್ಯಾಂಕಿನ ಬಾಗಿಲು ತೆರೆಸಲಿಲ್ಲ. ಝೆಬ್‌ಪೇ ಅದೇ ಸೆಪ್ಟೆಂಬರ್‌ನಲ್ಲಿ ಭಾರತದ ವಿನಿಮಯ ವಹಿವಾಟನ್ನು ನಿಲ್ಲಿಸಿತು, ಕೊಯಿನೆಕ್ಸ್ 2019ರಲ್ಲಿ ಮುಚ್ಚಿತು. ಯೂನೊಕಾಯಿನ್ ಹೇಗೋ ಉಳಿಯಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಸುತ್ತೋಲೆಯನ್ನು ರದ್ದುಪಡಿಸುವ ವೇಳೆಗೆ ಸುಮಾರು ಎರಡು ವರ್ಷ ಸಂದಿದ್ದವು. ರಿಸರ್ವ್ ಬ್ಯಾಂಕಿನ ಆತಂಕ ನಿರಾಧಾರವಾಗಿತ್ತೆಂದು ನಾನು ಹೇಳಲಾರೆ.

ಕ್ರಿಪ್ಟೊ ಹಣ ಬ್ಲಾಕ್‌ಚೈನ್‌ನ ಒಂದು ಕವಲು ಮಾತ್ರ. ಹಲವರ ಬಳಿ ಏಕಕಾಲಕ್ಕೆ ಇರುವ, ಯಾರೊಬ್ಬರೂ ಗುಟ್ಟಾಗಿ ತಿದ್ದಲಾಗದ ಲೆಕ್ಕದ ಪುಸ್ತಕವೆಂದು ಈ ತಂತ್ರಜ್ಞಾನವನ್ನು ಸ್ಥೂಲವಾಗಿ ವಿವರಿಸಬಹುದು. ಅದರ ಪ್ರಯೋಜನವೂ ತೊಡಕೂ ಅಲ್ಲಿಯೇ ಇವೆ. ಬೆಳೆಗಾರ, ಕ್ಯೂರಿಂಗ್ ಘಟಕ, ರಫ್ತುದಾರ ಎಲ್ಲರೂ ಒಂದೇ ಪುಸ್ತಕದಲ್ಲಿ ಬರೆಯಲು ಒಪ್ಪಬೇಕು. ಹತ್ತು ಜನರ ಕಂಪನಿ ಅವರನ್ನೆಲ್ಲ ಒಂದೆಡೆ ಕೂಡಿಸಲಾರದು. 2019ರ ಮಾರ್ಚ್‌ನಲ್ಲಿ ಕಾಫಿ ಮಂಡಳಿಯು ಬೆಂಗಳೂರಿನ ಏಕಾ ಸಂಸ್ಥೆಯ ತಂತ್ರಾಂಶ ಬಳಸಿ ಬ್ಲಾಕ್‌ಚೈನ್ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದ್ದು ಈ ದೃಷ್ಟಿಯಿಂದ ಗಮನಾರ್ಹ. ಮಂಡಳಿ ಕರೆದರೆ ಬೆಳೆಗಾರ ಬರುತ್ತಾನೆ.

ರಾಜ್ಯ ಸರ್ಕಾರ 2017ರಲ್ಲಿ ಆರಂಭಿಸಿದ ‘ಎಲಿವೇಟ್’ ಯೋಜನೆಯಡಿ ನವೋದ್ಯಮಕ್ಕೆ 50 ಲಕ್ಷ ರೂಪಾಯಿವರೆಗೆ ಅನುದಾನ ದೊರೆಯುತ್ತದೆ. ಒಳ್ಳೆಯ ಯೋಜನೆಯೇ. ಆದರೆ ವೈಟ್‌ಫೀಲ್ಡ್ ಇಲ್ಲವೇ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಾಲ್ಕಾರು ಎಂಜಿನಿಯರುಗಳ ಸಂಬಳ, ಕಚೇರಿ ಬಾಡಿಗೆಗಳಿಗೆ ಆ ಹಣ ವರ್ಷದೊಳಗೆ ಕರಗಬಹುದು. ಆಮೇಲೆ?

ಪೀಣ್ಯದ ಸಣ್ಣ ಕಾರ್ಖಾನೆಗಳ ಒಂದು ತಲೆಮಾರು ಬೆಳೆದದ್ದು ಎಚ್‌ಎಂಟಿ, ಬಿಇಎಲ್‌ನಂಥ ಸಾರ್ವಜನಿಕ ಉದ್ದಿಮೆಗಳಿಗೆ ಬಿಡಿಭಾಗ ಪೂರೈಸಿ. ಕೈಗೆ ಆರ್ಡರ್ ಇದ್ದವನಿಗೆ ಬ್ಯಾಂಕೂ ಸಾಲ ಕೊಡುತ್ತಿತ್ತು. ಒಬ್ಬನೇ ಗ್ರಾಹಕನನ್ನು ನೆಚ್ಚಿದವರು ಎಚ್‌ಎಂಟಿ ಸೊರಗಿದಾಗ ತಾವೂ ಸೊರಗಿದರೆಂಬುದೂ ನಿಜ. ಆದರೂ ಆ ಮಾದರಿಯಲ್ಲಿ ಕಲಿಯುವಂಥದ್ದಿದೆ: ಭೂ ದಾಖಲೆ, ಅಂಕಪಟ್ಟಿ, ಕಾಫಿ ವಹಿವಾಟುಗಳಲ್ಲಿ ಪ್ರಯೋಗ ಫಲಿಸಿದರೆ ಸರ್ಕಾರ ಅದನ್ನು ಖರೀದಿ ಆದೇಶವಾಗಿ ಪರಿವರ್ತಿಸಬೇಕು. ಸಣ್ಣ ಉದ್ದಿಮೆಗಳ ಬಾಕಿಯನ್ನು ಗರಿಷ್ಠ 45 ದಿನಗಳಲ್ಲಿ ತೀರಿಸಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆ. ಕಡತಗಳ ನಡುವೆ ಮೂರು ದಶಕ ಕಳೆದ ನಾನು, ಬಿಲ್ಲೊಂದು ಮೇಜಿನಿಂದ ಮೇಜಿಗೆ ಸಾಗುವ ವೇಗವನ್ನು ಬಲ್ಲೆ. ಅನುದಾನದ ಮೊತ್ತ ಏರಿಸುವ ಮೊದಲು ಆ ಬಿಲ್ಲುಗಳಿಗೆ ದಿನಾಂಕ ನಿಗದಿಪಡಿಸಿ, ತಪ್ಪಿದ ಇಲಾಖೆಯ ಹೆಸರನ್ನು ತಿಂಗಳಿಗೊಮ್ಮೆ ಪ್ರಕಟಿಸಲಿ.