ಆರೋಗ್ಯ ಚಿಂತನ: ಗುಳಿಗೆಯ ಚಟ, ಮೆದುಳಿಗೆ ಸಂಕಟ



ನಮ್ಮ ಮನೆಗಳಲ್ಲಿ ಮದ್ಯಕ್ಕೆ ಪ್ರವೇಶವಿಲ್ಲ. ಸಪ್ತವ್ಯಸನಗಳನ್ನು ಬಿಡಬೇಕೆಂದು ಮಕ್ಕಳಿಗೆ ಪಾಠಶಾಲೆಯಲ್ಲಿಯೇ ಹೇಳಿಕೊಡುತ್ತೇವೆ. ಆದ್ದರಿಂದ ನಮ್ಮಲ್ಲಿ ಚಟದ ಮಾತೇ ಇಲ್ಲವೆಂದು ನಿಶ್ಚಿಂತರಾಗಿರುತ್ತೇವೆ. ಆದರೆ ಚಟವು ವೈದ್ಯರ ಚೀಟಿಯ ಜೊತೆಗೂ ಮನೆಯೊಳಗೆ ಬರಬಲ್ಲದು.

ಅಫೀಮಿನಿಂದ ದೊರೆಯುವ ಮಾರ್ಫಿನ್, ಕೊಡೀನ್ ಹಾಗೂ ಅದೇ ಗುಣವುಳ್ಳ ಟ್ರಮಡಾಲ್, ಟಪೆಂಟಡಾಲ್ ಮುಂತಾದವುಗಳಿಗೆ ಒಪಿಯಾಯ್ಡ್ ಎಂದು ಹೆಸರು. ಹೆರಾಯಿನ್ ಕೂಡ ಇದೇ ವರ್ಗದ್ದು. ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ, ಕ್ಯಾನ್ಸರಿನ ನೋವಿಗೆ ಈ ಔಷಧಿಗಳು ವರವೇ ಸರಿ. ಆದರೆ ದಿನವಿಡೀ ಅಂಗಡಿಯಲ್ಲಿ ಕುಳಿತು ಸೊಂಟ ಹಿಡಿದವರು ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗತೊಡಗಿದರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ. ಒಂದು ಗುಳಿಗೆ ಸಾಲದೆ ಎರಡಾಗುತ್ತದೆ. ಬಿಟ್ಟರೆ ಬೆವರು, ಮೈಕೈ ನೋವು, ಭೇದಿ, ನಿದ್ರಾಹೀನತೆ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಈ ವರ್ಗದ ಪದಾರ್ಥಗಳನ್ನು ಬಳಸುತ್ತಿದ್ದರು. 2018ರಲ್ಲಿ ಸರ್ಕಾರವು ಟ್ರಮಡಾಲನ್ನು ಮಾದಕ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ತಂದದ್ದು ಸುಮ್ಮನೆ ಅಲ್ಲ.

ಮೆದುಳಿಗೂ ಇದಕ್ಕೂ ಏನು ಸಂಬಂಧ? ಮೆದುಳಿನ ರಕ್ತನಾಳ ಒಡೆದು ರಕ್ತ ಸುರಿಯುವುದಕ್ಕೆ ಮೊದಲ ಕಾರಣ ಹತೋಟಿ ತಪ್ಪಿದ ರಕ್ತದೊತ್ತಡ. ಚಟವಿದ್ದವರಿಗೆ ಗುಳಿಗೆ ಸಿಗದೆ ಹೋದಾಗ ರಕ್ತದೊತ್ತಡ ಏರುತ್ತದೆ. ಚುಚ್ಚುಮದ್ದಿನ ಮೂಲಕ ತೆಗೆದುಕೊಳ್ಳುವವರಲ್ಲಿ ಕೊಳೆ ಸೂಜಿಯಿಂದ ರೋಗಾಣುಗಳು ರಕ್ತ ಸೇರಿ ಹೃದಯದ ಕವಾಟದಲ್ಲಿ ನೆಲೆಸಬಹುದು. ಅಲ್ಲಿಂದ ಮೆದುಳಿಗೆ ಹರಿದು ರಕ್ತನಾಳದ ಗೋಡೆಯನ್ನು ಕೊರೆದು ಒಡೆಯಬಹುದು. ಪ್ರಮಾಣ ಮೀರಿದರೆ ಉಸಿರಾಟವೇ ಕುಗ್ಗಿ ಮೆದುಳಿಗೆ ಪ್ರಾಣವಾಯು ಸಾಲದಾಗುತ್ತದೆ. ಒಪಿಯಾಯ್ಡ್ ಚಟಕ್ಕೂ ಮೆದುಳಿನ ರಕ್ತಸ್ರಾವಕ್ಕೂ ನಂಟಿರುವುದನ್ನು ಅಮೆರಿಕದ ವೈದ್ಯರು ಗುರುತಿಸಿದ್ದಾರೆ. ನಂಟು ಎಂದ ಮಾತ್ರಕ್ಕೆ ಅದೊಂದೇ ಕಾರಣವೆಂದಲ್ಲ, ಬಿ.ಪಿ., ಧೂಮಪಾನ ಜೊತೆಗಿದ್ದರೆ ಅಪಾಯ ಹೆಚ್ಚು.

ಅಫೀಮು ಹೃದಯಕ್ಕೂ ಬಿ.ಪಿ.ಗೂ ಒಳ್ಳೆಯದೆಂಬ ನಂಬಿಕೆ ಇರಾನಿನಲ್ಲಿ ಬಹಳ ಕಾಲದಿಂದ ಇದೆ. ಅಲ್ಲಿಯ ಗೊಲೆಸ್ತಾನ್ ಪ್ರಾಂತದಲ್ಲಿ ಸುಮಾರು 50,000 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅಫೀಮು ಬಳಸುವವರಲ್ಲಿ ಸಾವಿನ ಸಂಭವ ಉಳಿದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಇತ್ತು. ಹೃದಯ, ರಕ್ತನಾಳಗಳ ಕಾಯಿಲೆಯಿಂದ ಆಗುವ ಸಾವುಗಳೂ ಅವರಲ್ಲಿ ಹೆಚ್ಚಿದ್ದವು.

ಒಮ್ಮೆಲೇ ಸಿಡಿಲು ಬಡಿದಂಥ ತಲೆನೋವು, ವಾಂತಿ, ಬಾಯಿ ಸೊಟ್ಟಗಾಗುವುದು, ಒಂದು ಕೈ ಕಾಲು ಸೋಲುವುದು, ಮಾತು ತೊದಲುವುದು, ಇವು ಕಂಡರೆ ಗಳಿಗೆಯೂ ತಡಮಾಡದೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಬೇಕು. ಬಾಯಿಗೆ ನೀರು ಹಾಕಬಾರದು. ಮನೆಯಲ್ಲಿ ಆಸ್ಪಿರಿನ್ ಕೊಡಬಾರದು. ರಕ್ತಸ್ರಾವವಾಗಿದ್ದರೆ ಅದರಿಂದ ಕೇಡು ಹೆಚ್ಚುತ್ತದೆ. ರೋಗಿ ಏನೇನು ಗುಳಿಗೆ ನುಂಗುತ್ತಿದ್ದರೆಂಬುದನ್ನು ವೈದ್ಯರಿಂದ ಮುಚ್ಚಿಡಬಾರದು.

ಮುಚ್ಚಿಡುವುದೇ ನಮ್ಮ ದೊಡ್ಡ ತೊಡಕು. 'ನಾಲ್ಕು ಜನರಿಗೆ ಗೊತ್ತಾದರೆ ಅಂಗಡಿಯ ಹೆಸರು ಹೋದೀತು, ಮಗಳ ಸಂಬಂಧ ತಪ್ಪೀತು' ಎಂದು ಹಿರಿಯರು ಅಂಜುತ್ತಾರೆ. ಅಂಜಿಕೆ ಸುಳ್ಳಲ್ಲ. ಆದರೆ ಅಂಗಡಿಯ ಲೆಕ್ಕದಲ್ಲಿ ಮುಚ್ಚಿಟ್ಟ ಸಾಲ ಬಡ್ಡಿ ಬೆಳೆಸುವಂತೆ, ಮುಚ್ಚಿಟ್ಟ ಚಟವೂ ಬೆಳೆಯುತ್ತದೆ. ಇದು ವೈದ್ಯರಿಂದ ಗುಣ ಕಾಣಬಹುದಾದ ಕಾಯಿಲೆ. ಬೈದು, ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವಂಥದಲ್ಲ. ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸದೆ ವೈದ್ಯರ ಸಲಹೆಯಂತೆ ಇಳಿಸುತ್ತ ಬರಬೇಕು. ಅಗತ್ಯವಿದ್ದವರಿಗೆ ಬ್ಯುಪ್ರೆನಾರ್ಫಿನ್ ಎಂಬ ಔಷಧಿ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಆರೋಗ್ಯದ ಟೆಲಿ ಮಾನಸ್ 14416ರಲ್ಲಿ ಭಾಷೆಯನ್ನು ಆರಿಸಿಕೊಳ್ಳಬಹುದು. ಸೊಲ್ಲಾಪುರ, ಆದವಾನಿ, ಹೊಸೂರುಗಳ ನಮ್ಮ ಬಂಧುಗಳಿಗೆ ಇದು ಅನುಕೂಲ.

ಈ ತಿಂಗಳು ಒಮ್ಮೆ ಮನೆಯ ಔಷಧಿ ಡಬ್ಬಿಯನ್ನು ತೆರೆದು ನೋಡೋಣ. ಯಾವ ಗುಳಿಗೆ, ಯಾರು ಬರೆದುಕೊಟ್ಟದ್ದು, ಎಷ್ಟು ದಿನಕ್ಕೆ ಎಂದು ಕೇಳೋಣ. ಕೇಳುವಾಗ ದನಿಯಲ್ಲಿ ಸಿಟ್ಟು ಬೇಡ, ಕರುಣೆಯಿರಲಿ.